ಟರಾಂಟುಲಾ ಡಬ್ಬಿಯ ಚೀಟಿಯ ಮೇಲೆ ಯಾವ ಹೆಸರು ಬರೆಯಬೇಕು?

ಪ್ರಶ್ನೆ: ನನ್ನ ಬಳಿ ಎರಡು ಟರಾಂಟುಲಾ ಜೇಡಗಳಿವೆ. ಒಂದನ್ನು ಮೆಕ್ಸಿಕನ್ ರೆಡ್ ನೀ ಎಂದು ಕೊಂಡೆ. ಡಬ್ಬಿಯ ಮೇಲೆ ಬ್ರಾಕಿಪೆಲ್ಮಾ ಸ್ಮಿಥಿ ಎಂದು ಬರೆದಿತ್ತು. ಈಗ ಗೊತ್ತಿರುವವರು ಅದು ಸ್ಮಿಥಿ ಅಲ್ಲ, ಹಮೋರಿ ಎನ್ನುತ್ತಿದ್ದಾರೆ. ಇನ್ನೊಂದು ಕರ್ಲಿ ಹೇರ್. ಅದರ ಹೆಸರು ಒಂದು ಕಡೆ ಬ್ರಾಕಿಪೆಲ್ಮಾ ಆಲ್ಬೊಪೈಲೋಸಮ್, ಮತ್ತೊಂದು ಕಡೆ ಟ್ಲಿಲ್ಟೊಕಾಟ್ಲ್ ಆಲ್ಬೊಪೈಲೋಸಸ್. ರೆಡ್ ನೀ, ಕರ್ಲಿ ಹೇರ್ ಎಂಬ ಹೆಸರುಗಳು ಮಾತ್ರ ಇದ್ದ ಹಾಗೇ ಇವೆ. ವೈಜ್ಞಾನಿಕ ಹೆಸರೇ ಹೀಗೆ ಹೊರಳಾಡುತ್ತಿದ್ದರೆ, ರೂಢಿಯ ಹೆಸರನ್ನೇ ಇಟ್ಟುಕೊಂಡರೆ ತಪ್ಪೇನು?

ಉತ್ತರ: ನಿಮ್ಮ ತರ್ಕದಲ್ಲಿ ಒಂದು ಎಳೆ ತಪ್ಪಿದೆ. ರೆಡ್ ನೀ ಎಂಬ ಹೆಸರು ಅಲುಗಾಡದೆ ನಿಂತಿರುವುದು ಅದು ಖಚಿತವಾಗಿದೆ ಎಂಬ ಕಾರಣಕ್ಕಲ್ಲ. ಮೊದಲಿನಿಂದಲೂ ಅದು ಎರಡು ಬೇರೆ ಬೇರೆ ಪ್ರಭೇದಗಳನ್ನು ಒಂದೇ ಮುಸುಕಿನಲ್ಲಿ ಇಟ್ಟುಕೊಂಡಿತ್ತು, ಆದ್ದರಿಂದ ಬದಲಾಗಬೇಕಾದ ಅಗತ್ಯವೇ ಅದಕ್ಕೆ ಬರಲಿಲ್ಲ. ವೈಜ್ಞಾನಿಕ ಹೆಸರು ಬದಲಾಗುತ್ತದೆ, ನಿಜ. ಆದರೆ ಯಾರು ಬದಲಿಸಿದರು, ಯಾವ ವರ್ಷ, ಹಿಂದೆ ಏನಿತ್ತು, ಏಕೆ ಬದಲಿಸಿದರು ಎಂಬುದೆಲ್ಲ ಅಚ್ಚಾಗಿ ಉಳಿಯುತ್ತದೆ. ರೂಢಿಯ ಹೆಸರೂ ಬದಲಾಗುತ್ತದೆ, ಒಂದೇ ಹೆಸರು ಇಂದು ಈ ಜೇಡಕ್ಕೆ, ನಾಳೆ ಆ ಜೇಡಕ್ಕೆ ಅಂಟುತ್ತದೆ, ಆದರೆ ಅದರ ಜಾಡು ಎಲ್ಲೂ ಸಿಗುವುದಿಲ್ಲ. ಆಯ್ಕೆ ಇರುವುದು ಜಾಡು ಸಿಗುವ ಬದಲಾವಣೆಗೂ ಸಿಗದ ಬದಲಾವಣೆಗೂ ನಡುವೆ.

ಇದು ಬರೀ ಪಾಂಡಿತ್ಯದ ಮಾತಲ್ಲ ಎಂಬುದಕ್ಕೆ ನೀಲಿ ಬಣ್ಣವನ್ನೇ ತೆಗೆದುಕೊಳ್ಳಿ. ಮಾರಾಟದ ಪಟ್ಟಿಗಳಲ್ಲಿ ಕೋಬಾಲ್ಟ್ ಬ್ಲೂ, ಗ್ರೀನ್ ಬಾಟಲ್ ಬ್ಲೂ, ಗೂಟಿ ಸಫೈರ್, ಸಿಂಗಪುರ ಬ್ಲೂ, ಸೊಕೋಟ್ರಾ ಬ್ಲೂ, ಎಲೆಕ್ಟ್ರಿಕ್ ಬ್ಲೂ ಎಂಬ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಹೊಸಬರು "ನೀಲಿ ಟರಾಂಟುಲಾ ಸಾಕುವುದು ಹೇಗೆ" ಎಂದು ಹುಡುಕುತ್ತಾರೆ, ಸಿಕ್ಕಿದ್ದನ್ನು ಪಾಲಿಸುತ್ತಾರೆ. ಕೋಬಾಲ್ಟ್ ಬ್ಲೂ ಎಂದರೆ ಸಿರಿಯೊಪಾಗೋಪಸ್ ಲಿವಿಡಸ್, ಮ್ಯಾನ್ಮಾರ್ ಮತ್ತು ಥಾಯ್ಲೆಂಡಿನದು. ಅದು ನೆಲದೊಳಗೆ ಆಳವಾದ ಬಿಲ ತೋಡಿ ಬದುಕುತ್ತದೆ, ಬೆಳೆದದ್ದಕ್ಕೆ ಕನಿಷ್ಠ 20 ಸೆಂಟಿಮೀಟರ್ ಆಳದ, ತಳಭಾಗ ಸದಾ ತೇವವಾಗಿರುವ ಮಣ್ಣು ಬೇಕು. ಗ್ರೀನ್ ಬಾಟಲ್ ಬ್ಲೂ ಎಂದರೆ ಕ್ರೊಮ್ಯಾಟೊಪೆಲ್ಮಾ ಸಯಾನಿಯೊಪ್ಯುಬೆಸೆನ್ಸ್, ವೆನೆಜುವೆಲಾದ ಒಣಭೂಮಿಯದು. ಅದಕ್ಕೆ ಒಣ ಮಣ್ಣು, ಒಂದು ನೀರಿನ ಬಟ್ಟಲು, ಬಲೆ ಕಟ್ಟಲು ಅಲ್ಲಲ್ಲಿ ಕಡ್ಡಿ ಕೊಂಬೆಗಳು ಸಾಕು. ತೇವದಲ್ಲಿಟ್ಟರೆ ಅದು ಸೊರಗುತ್ತದೆ. ಗೂಟಿ ಸಫೈರ್ ಎಂದರೆ ಪೀಸಿಲೊಥೀರಿಯಾ ಮೆಟಾಲಿಕಾ. ಅದು ಮರದ ಪೊಟರೆಯ ಜೇಡ. ಅದಕ್ಕೆ ಅಗಲಕ್ಕಿಂತ ಎತ್ತರ ಹೆಚ್ಚಿರುವ ಪೆಟ್ಟಿಗೆಯೂ ಒಳಗೆ ಅಡಗಲು ನೆಟ್ಟಗೆ ನಿಲ್ಲಿಸಿದ ಕಾರ್ಕ್ ತೊಗಟೆಯ ಕೊಳವೆಯೂ ಬೇಕು. ಮೂರೂ ನೀಲಿ, ಮೂರಕ್ಕೂ ಬೇರೆ ಬೇರೆ ಮನೆ. ಒಂದರ ಸಲಹೆಯನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಗೂಟಿ ಸಫೈರ್ ಹೆಸರಿನೊಳಗೇ ಒಂದು ತಪ್ಪು ದಾರಿಯಿದೆ. ಆಂಧ್ರಪ್ರದೇಶದ ಗೂಟಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕ ಮಾದರಿಯನ್ನು ನೋಡಿ ಪೋಕಾಕ್ 1899ರಲ್ಲಿ ಇದನ್ನು ವಿವರಿಸಿದರು. ಜೇಡ ಅಲ್ಲಿಗೆ ಬಂದದ್ದು ಬಹುಶಃ ಸೌದೆಯ ಜೊತೆಗೆ. 2001ರಲ್ಲಿ ಮತ್ತೆ ಅದರ ನೆಲೆ ಸಿಕ್ಕಿದ್ದು ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ, ಗೂಟಿಯಿಂದ ಸುಮಾರು 100 ಕಿಲೋಮೀಟರ್ ಆಚೆ. ರೂಢಿಯ ಹೆಸರು ಇಂದಿಗೂ ಗೂಟಿಯನ್ನೇ ಹಿಡಿದುಕೊಂಡಿದೆ. ಹೆಸರಿನಲ್ಲಿರುವ ಊರನ್ನು ನಂಬಿ ಅಲ್ಲಿನ ಹವೆಯನ್ನು ಅನುಕರಿಸಲು ಹೋಗಬೇಡಿ. ಬರ್ಡ್ ಈಟರ್ ಎಂಬ ಮಾತೂ ಅಷ್ಟೇ. 1705ರಲ್ಲಿ ಮರಿಯಾ ಸಿಬಿಲ್ಲಾ ಮೆರಿಯನ್ ಸುರಿನಾಮಿನ ಕೀಟಗಳ ಗ್ರಂಥದಲ್ಲಿ ಹಮ್ಮಿಂಗ್‌ಬರ್ಡ್ ತಿನ್ನುತ್ತಿರುವ ಜೇಡದ ಚಿತ್ರ ಬರೆದರು, ಲಿನೇಯಸ್ 1758ರಲ್ಲಿ ಪುಟ್ಟ ಹಕ್ಕಿ ಎಂಬ ಅರ್ಥದ ಪದದಿಂದ ಅವಿಕುಲೇರಿಯಾ ಎಂದು ಹೆಸರಿಟ್ಟರು, ಅಲ್ಲಿಂದ ಮುಂದೆ ದೊಡ್ಡ ಜೇಡಗಳೆಲ್ಲ ಹಕ್ಕಿ ತಿನ್ನುವವಾದವು. ಗೋಲಿಯತ್ ಬರ್ಡ್ ಈಟರ್‌ನ ನಿಜವಾದ ಊಟ ಎರೆಹುಳು, ಕೀಟ, ಕಪ್ಪೆಗಳಂಥವು. ಟರಾಂಟುಲಾ ಎಂಬ ಪದವೇ ಮೂಲತಃ ಇಟಲಿಯ ಟರಾಂಟೊ ಊರಿನ ಒಂದು ತೋಳ ಜೇಡದ್ದು. ಇಂದು ನಾವು ಸಾಕುವ ಥೆರಾಫೋಸಿಡೆ ಕುಟುಂಬಕ್ಕೂ ಅದಕ್ಕೂ ದೂರದ ನಂಟು ಮಾತ್ರ.

ಹಾಗಾದರೆ ವೈಜ್ಞಾನಿಕ ಹೆಸರನ್ನು ಪೂರ್ತಿ ಬಾಯಿಪಾಠ ಮಾಡಬೇಕೇ? ಬೇಡ. ಮೊದಲು ಕುಲದ ಹೆಸರು ಕಲಿಯಿರಿ. ಎರಡು ಪದಗಳಲ್ಲಿ ಮೊದಲನೆಯದು ಕುಲ (ಕೆಲವು ಪಠ್ಯಪುಸ್ತಕಗಳು ಇದನ್ನೇ ಜಾತಿ ಎನ್ನುತ್ತವೆ), ಎರಡನೆಯದು ಪ್ರಭೇದ. ಸಾಕುವವರಿಗೆ ಬೇಕಾದ ಬಹುಪಾಲು ಮಾಹಿತಿ ಕುಲದಲ್ಲೇ ಇದೆ. ಬ್ರಾಕಿಪೆಲ್ಮಾ ಎಂದೊಡನೆ ನೆಲದ ಮೇಲೆ ನಿಧಾನವಾಗಿ ಬೆಳೆಯುವ, ಹೊಟ್ಟೆಯ ಮೇಲಿನ ತುರಿಕೆ ರೋಮ ಉದುರಿಸುವ ಜೇಡ ಎಂದು ಗೊತ್ತಾಗುತ್ತದೆ. ಪೀಸಿಲೊಥೀರಿಯಾ ಎಂದೊಡನೆ ಮರವಾಸಿ, ಮಿಂಚಿನ ವೇಗ, ತುರಿಕೆ ರೋಮವಿಲ್ಲ, ಕಚ್ಚಿದರೆ ದಿನಗಟ್ಟಲೆ ಸ್ನಾಯು ಸೆಳೆತ ಬರಬಹುದು ಎಂದು ಗೊತ್ತಾಗುತ್ತದೆ. ಮುಚ್ಚಳ ತೆಗೆಯುವ ಮೊದಲು ತಿಳಿದಿರಬೇಕಾದದ್ದು ಇಷ್ಟೇ. "ಅಮೆರಿಕ ಖಂಡದವು ಸಾಧು, ಹಳೆಯ ಖಂಡಗಳವು ಉಗ್ರ" ಎಂಬ ಒರಟು ವಿಂಗಡಣೆ ಕೇಳಿರುತ್ತೀರಿ. ಅದಕ್ಕಿಂತ ಕುಲದ ಹೆಸರು ಎಷ್ಟೋ ಮೇಲು. ಏಕೆಂದರೆ ಅಮೆರಿಕ ಖಂಡದ್ದೇ ಆದ ಸಾಲ್ಮೊಪಿಯಸ್ ಮತ್ತು ಟ್ಯಾಪಿನಾಚೀನಿಯಸ್ ಕುಲಗಳಿಗೆ ತುರಿಕೆ ರೋಮಗಳಿಲ್ಲ, ಎಫೆಬೋಪಸ್ ಕುಲಕ್ಕೆ ಅವು ಹೊಟ್ಟೆಯ ಮೇಲಲ್ಲ, ಮುಂದಿನ ಸ್ಪರ್ಶಪಾದಗಳ (ಬಾಯಿಯ ಪಕ್ಕದ ಪುಟ್ಟ ಕಾಲಿನಂಥ ಅಂಗಗಳು) ಮೇಲಿವೆ.

ಇದರ ವಿರುದ್ಧದ ಅಭ್ಯಾಸವೂ ಹವ್ಯಾಸಿಗಳಲ್ಲಿದೆ. ಪ್ರಭೇದದ ಪದವನ್ನು ಮಾತ್ರ ಹೇಳುವುದು. "ನನ್ನ ಮುರೈನಸ್", "ನನ್ನ ಪುಲ್ಕ್ರಿಪೆಸ್" ಅಂತ. ಇದು ರೂಢಿಯ ಹೆಸರಿಗಿಂತ ಅಪಾಯಕಾರಿ, ಏಕೆಂದರೆ ಕೇಳಲು ವೈಜ್ಞಾನಿಕವಾಗಿರುತ್ತದೆ. ಟೆರಿನೊಕೈಲಸ್ ಮುರೈನಸ್ ಎಂಬುದು ಆಫ್ರಿಕದ ಬಬೂನ್ ಜೇಡ, ಹವ್ಯಾಸಿಗಳು ಒಬಿಟಿ ಎನ್ನುವ ಸಿಡುಕಿನ ಕಿತ್ತಳೆ ಬಣ್ಣದ್ದು. ಎಫೆಬೋಪಸ್ ಮುರೈನಸ್ ಎಂಬುದು ದಕ್ಷಿಣ ಅಮೆರಿಕದ ಸ್ಕೆಲಿಟನ್ ಟರಾಂಟುಲಾ. ಗ್ರಾಮೊಸ್ಟೋಲಾ ಪುಲ್ಕ್ರಿಪೆಸ್ ಎಂದರೆ ಹೊಸಬರಿಗೂ ಧೈರ್ಯವಾಗಿ ಹೇಳಬಹುದಾದ ಚಾಕೊ ಗೋಲ್ಡನ್ ನೀ. ಹಾರ್ಪಾಕ್ಟೈರಾ ಪುಲ್ಕ್ರಿಪೆಸ್ ದಕ್ಷಿಣ ಆಫ್ರಿಕದ ಚುರುಕಿನ ಬಬೂನ್ ಜೇಡ. ಪುಲ್ಕ್ರಿಪೆಸ್ ಎಂದರೆ "ಚೆಲುವಾದ ಪಾದ" ಎಂದಷ್ಟೇ ಅರ್ಥ, ಯಾವ ಕುಲದಲ್ಲಿ ಬೇಕಾದರೂ ಬರಬಹುದು. ಮುರೈನಸ್ ಎಂದರೆ ಇಲಿಯಂಥದ್ದು. ಕಿತ್ತಳೆ ಜೇಡಕ್ಕೆ ಇಲಿಯ ಹೆಸರೇಕೆ ಎಂದರೆ, ಆ ಪ್ರಭೇದದಲ್ಲಿ ಮಾಸಲು ಬಣ್ಣದ ರೂಪಗಳೂ ಇವೆ, ಮಾರಾಟದಲ್ಲಿ ಮೆರೆಯುವುದು ಮಾತ್ರ ಕಿತ್ತಳೆ. ಕುಲದ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸುವುದೂ ಹೀಗೆಯೇ. ರೋಮನ್ "ಸಿ" ಚುಕ್ಕೆ ಇಟ್ಟರೆ ಅದು ಕ್ರೊಮ್ಯಾಟೊಪೆಲ್ಮಾ, ಕ್ಯಾರಿಬೀನಾ, ಸಿರಿಯೊಪಾಗೋಪಸ್, ಸೆರಟೊಗೈರಸ್, ಕೈಲೊಬ್ರಾಕಿಸ್ ಈ ಐದರಲ್ಲಿ ಯಾವುದಾದರೂ ಆಗಬಹುದು. ಒಂದು ಬರಹದಲ್ಲಿ ಮೊದಲ ಸಲ ಪೂರ್ತಿ ಬರೆದ ಮೇಲೆ ಮಾತ್ರ ಮೊಟಕು ಮಾಡಬೇಕು. ಡಬ್ಬಿಯ ಮೇಲೆ ಎಂದೂ ಮೊಟಕು ಮಾಡಬಾರದು.

ಈಗ ನಿಮ್ಮ ಕರ್ಲಿ ಹೇರ್‌ಗೆ ಬರೋಣ. ವ್ಯಾಲೆರಿಯೊ 1980ರಲ್ಲಿ ಇದನ್ನು ಬ್ರಾಕಿಪೆಲ್ಮಾ ಕುಲದಲ್ಲಿ ವಿವರಿಸಿದಾಗ ಪ್ರಭೇದದ ಹೆಸರು ಆಲ್ಬೊಪೈಲೋಸಾ ಎಂದಿತ್ತು, ಬಿಳಿ ರೋಮದ್ದು ಎಂದು ಅರ್ಥ. ಆಮೇಲೆ ಆಲ್ಬೊಪೈಲೋಸಮ್ ಆಯಿತು, ಈಗ ಆಲ್ಬೊಪೈಲೋಸಸ್. ಯಾರೋ ಮನಸ್ಸಿಗೆ ಬಂದಂತೆ ತಿದ್ದಿದ್ದಾರೆ ಅನ್ನಿಸುತ್ತದೆ, ಆದರೆ ಇದು ಬರೀ ವ್ಯಾಕರಣ. ಪ್ರಭೇದದ ಪದ ವಿಶೇಷಣವಾಗಿದ್ದರೆ ಕುಲದ ಹೆಸರಿನ ಲಿಂಗವನ್ನು ಅನುಸರಿಸಬೇಕು ಎಂಬುದು ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ನಿಯಮ. ಕನ್ನಡದಲ್ಲಿ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು ಅನ್ನುವುದಿಲ್ಲವೇ, ಹಾಗೆ ಅಲ್ಲಿ ಪೈಲೋಸಸ್, ಪೈಲೋಸಾ, ಪೈಲೋಸಮ್. ಪೆಲ್ಮಾ (ಗ್ರೀಕ್‌ನಲ್ಲಿ ಅಂಗಾಲು) ನಪುಂಸಕಲಿಂಗ, ಆದ್ದರಿಂದ ಬ್ರಾಕಿಪೆಲ್ಮಾದೊಡನೆ ಆಲ್ಬೊಪೈಲೋಸಮ್. ಮುಂದೆ ಮೆಂಡೋಜಾ ಮತ್ತು ಫ್ರಾಂಕೆ ಬ್ರಾಕಿಪೆಲ್ಮಾದಿಂದ ಒಂದು ಗುಂಪನ್ನು ಬೇರ್ಪಡಿಸಿ, ನಾವಾಟ್ಲ್ ಭಾಷೆಯ ಕಪ್ಪು ಮತ್ತು ಜೇಡ ಎಂಬ ಪದಗಳನ್ನು ಕೂಡಿಸಿ ಟ್ಲಿಲ್ಟೊಕಾಟ್ಲ್ ಎಂಬ ಹೊಸ ಕುಲ ಮಾಡಿದರು. ಅದನ್ನು ಪುಲ್ಲಿಂಗವೆಂದು ಪರಿಗಣಿಸಿದ್ದರಿಂದ ಬಾಲ ಆಲ್ಬೊಪೈಲೋಸಸ್ ಆಯಿತು. ಕೋಬಾಲ್ಟ್ ಬ್ಲೂ ಹ್ಯಾಪ್ಲೊಪೆಲ್ಮಾದಲ್ಲಿದ್ದಾಗ ಲಿವಿಡಮ್ ಆಗಿದ್ದು ಸಿರಿಯೊಪಾಗೋಪಸ್‌ಗೆ ಹೋದಾಗ ಲಿವಿಡಸ್ ಆದದ್ದೂ ಇದೇ ಕಾರಣಕ್ಕೆ. ಆದರೆ ಆಂಟಿಲೀಸ್ ಪಿಂಕ್ ಟೋ 2017ರಲ್ಲಿ ಅವಿಕುಲೇರಿಯಾದಿಂದ ಕ್ಯಾರಿಬೀನಾಗೆ ಹೋದಾಗ ವರ್ಸಿಕಲರ್ ಎಂಬ ಪದ ಹಾಗೇ ಉಳಿಯಿತು. ಎರಡೂ ಕುಲಗಳು ಸ್ತ್ರೀಲಿಂಗ, ಜೊತೆಗೆ ಆ ಪದ ಮೂರು ಲಿಂಗಗಳಲ್ಲೂ ಒಂದೇ ರೂಪದಲ್ಲಿರುತ್ತದೆ. ಇದರಿಂದ ಸಿಗುವ ಉಪಾಯವೆಂದರೆ ಹಳೆಯ ಹೆಸರು ಹುಡುಕುವಾಗ ಪ್ರಭೇದದ ಪದದ ಮೊದಲ ಭಾಗವನ್ನಷ್ಟೇ ಹಾಕಿ, ಬಾಲ ಬಿಡಿ.

ಹೆಸರಿನ ಮುಂದೆ ಬರುವ ವ್ಯಕ್ತಿಯ ಹೆಸರು, ವರ್ಷಗಳನ್ನು ಜನ ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಅಲ್ಲೂ ಸುದ್ದಿಯಿದೆ. ಮೊದಲು ವಿವರಿಸಿದ ಕುಲದಲ್ಲೇ ಪ್ರಭೇದ ಉಳಿದಿದ್ದರೆ ಆವರಣವಿಲ್ಲದೆ ಬರೆಯುತ್ತಾರೆ: ಪೀಸಿಲೊಥೀರಿಯಾ ಮೆಟಾಲಿಕಾ ಪೋಕಾಕ್, 1899. ಕುಲ ಬದಲಾಗಿದ್ದರೆ ಆವರಣ ಬರುತ್ತದೆ: ಟ್ಲಿಲ್ಟೊಕಾಟ್ಲ್ ಆಲ್ಬೊಪೈಲೋಸಸ್ (ವ್ಯಾಲೆರಿಯೊ, 1980). ಆವರಣ ಕಂಡರೆ ಈ ಜೇಡಕ್ಕೆ ಹಿಂದೆ ಬೇರೊಂದು ಕುಲನಾಮ ಇತ್ತು, ಹಳೆಯ ಬರಹಗಳನ್ನು ಆ ಹೆಸರಿನಲ್ಲೂ ಹುಡುಕಬೇಕು ಎಂದು ತಿಳಿಯಿರಿ. ಅಂದಹಾಗೆ ಪ್ರಾಣಿಗಳ ಹೆಸರುಗಳ ಲೆಕ್ಕ ಲಿನೇಯಸ್‌ನ 1758ರಿಂದ ಶುರುವಾದರೂ ಜೇಡಗಳಿಗೆ ಮಾತ್ರ ವಿನಾಯಿತಿಯಿದೆ. ಸ್ವೀಡನ್ನಿನ ಕಾರ್ಲ್ ಕ್ಲರ್ಕ್ 1757ರಲ್ಲಿ ಪ್ರಕಟಿಸಿದ ಜೇಡಗಳ ಪುಸ್ತಕದ ಹೆಸರುಗಳೂ ಮಾನ್ಯ.

ರೆಡ್ ನೀ ವಿಷಯ ಇಷ್ಟು ಸಲೀಸಲ್ಲ. ಕರ್ಲಿ ಹೇರ್‌ನಲ್ಲಿ ಹೆಸರು ಬದಲಾಯಿತು, ಜೇಡ ಅದೇ. ರೆಡ್ ನೀಯಲ್ಲಿ ಹಳೆಯ ಹೆಸರು ಇನ್ನೂ ಮಾನ್ಯ, ಆದರೆ ಅದು ನಿಮ್ಮ ಜೇಡದ್ದಲ್ಲದಿರಬಹುದು. ಸ್ಮಿಥಿಯನ್ನು ಪಿಕಾರ್ಡ್-ಕೇಂಬ್ರಿಜ್ 1897ರಲ್ಲಿ ವಿವರಿಸಿದರು. ಹಮೋರಿಯನ್ನು ಟೆಸ್ಮೊಯಾಂಗ್, ಕ್ಲೆಟನ್ ಮತ್ತು ವರ್ಡೆ 1997ರಲ್ಲಿ ವಿವರಿಸಿದರು. 2017ರಲ್ಲಿ ಮೆಂಡೋಜಾ ಮತ್ತು ಫ್ರಾಂಕೆ ಕೆಂಪು ಮಂಡಿಯ ಬ್ರಾಕಿಪೆಲ್ಮಾಗಳನ್ನು ಅಂಗರಚನೆ, ಡಿಎನ್‌ಎ ಎರಡರಿಂದಲೂ ಮರುಪರಿಶೀಲಿಸಿದಾಗ ಎರಡರ ಗಡಿ ಸ್ಪಷ್ಟವಾಯಿತು. ಸ್ಮಿಥಿ ಮೆಕ್ಸಿಕೋದ ಗೆರೆರೊ ರಾಜ್ಯದ್ದು, ಹಮೋರಿ ಕೊಲಿಮಾ, ಹಲಿಸ್ಕೊ, ಮಿಚೊಅಕಾನ್ ಕಡೆಯದು. ದಶಕಗಳಿಂದ ಸ್ಮಿಥಿ ಎಂಬ ಚೀಟಿಯೊಡನೆ ಮಾರಾಟವಾಗಿದ್ದ ಜೇಡಗಳಲ್ಲಿ ಹೆಚ್ಚಿನವು ಹಮೋರಿ ಎಂದು ಆಗ ಗೊತ್ತಾಯಿತು. ಹಿಂದೆ ಬ್ರಾಕಿಪೆಲ್ಮಾ ಅನಿತಾ ಎಂದು ಮಾರುತ್ತಿದ್ದದ್ದು ನಿಜವಾದ ಸ್ಮಿಥಿಯ ಸಮಾನಾರ್ಥಕ ಹೆಸರಾಗಿ ಒಳಗೆ ಸೇರಿತು.

ಹಾಗೆಂದು ನಿಮ್ಮ ಡಬ್ಬಿಯ ಮೇಲೆ ಸ್ಮಿಥಿ ಹೊಡೆದುಹಾಕಿ ಹಮೋರಿ ಎಂದು ಬರೆಯಬೇಡಿ. ಹೆಚ್ಚಿನವು ಹಮೋರಿ ಎಂದರೆ ಎಲ್ಲವೂ ಹಮೋರಿ ಎಂದಾಗಲಿಲ್ಲ. ದಿನದ ಆರೈಕೆಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಹೀಗಾಗಿ ಅವಸರವೂ ಇಲ್ಲ. ವ್ಯತ್ಯಾಸ ಬೀಳುವುದು ಮರಿ ಮಾಡಿಸುವಾಗ. ಸ್ಮಿಥಿ ಚೀಟಿಯ ಗಂಡು, ಸ್ಮಿಥಿ ಚೀಟಿಯ ಹೆಣ್ಣು ಎಂದು ಕೂಡಿಸಿದಾಗ ಒಂದು ನಿಜವಾದ ಸ್ಮಿಥಿ, ಇನ್ನೊಂದು ಹಮೋರಿ ಆಗಿದ್ದರೆ ಒಂದೇ ಮೊಟ್ಟೆ ಚೀಲದಿಂದ ನೂರಾರು ಮಿಶ್ರತಳಿ ಮರಿಗಳು ಹೊರಬೀಳಬಹುದು. ಅವು ಹತ್ತಾರು ಮನೆಗಳಿಗೆ ಹಂಚಿಹೋದ ಮೇಲೆ ಹಿಂದಕ್ಕೆ ಕರೆಯಲಾಗುವುದಿಲ್ಲ. ಗುರುತು ಖಚಿತವಾಗದ ಜೋಡಿಯನ್ನು ಕೂಡಿಸಲೇಬಾರದು ಎಂಬುದು ನಮ್ಮ ನಿಲುವು, ಇದರಲ್ಲಿ ರಾಜಿ ಬೇಡ.

ಇನ್ನೊಂದು ಬಗೆಯ ಗೊಂದಲ ಗೋಲಿಯತ್‌ಗಳದು. ಥೆರಾಫೋಸಾ ಕುಲದಲ್ಲಿ ಬ್ಲಾಂಡಿ (1804), ಅಪೊಫೈಸಿಸ್ (1991), ಸ್ಟಿರ್ಮಿ (2010) ಎಂಬ ಮೂರಿವೆ. ಸ್ಟಿರ್ಮಿಗೆ ಹೆಸರಿಡುವ ಮೊದಲು ಅದು ಬ್ಲಾಂಡಿ ಎಂದೇ ಮಾರಾಟವಾಗುತ್ತಿತ್ತು, ಈಗಲೂ ಕೆಲವೊಮ್ಮೆ ಹಾಗೆಯೇ ಬರುತ್ತದೆ. ಇಲ್ಲಿ ಅದೃಷ್ಟಕ್ಕೆ ಕಣ್ಣಿಗೆ ಕಾಣುವ ಗುರುತಿದೆ. ಬೆಳೆದ ಬ್ಲಾಂಡಿಯ ಮಂಡಿಗಳ ಮೇಲೆ ಉದ್ದ ರೋಮಗಳಿರುತ್ತವೆ, ಸ್ಟಿರ್ಮಿಯ ಮಂಡಿ ಬೋಳಾಗಿ ಕಾಣುತ್ತದೆ. ಅಪೊಫೈಸಿಸ್‌ನ ಬೆಳೆದ ಗಂಡಿಗೆ ಮುಂಗಾಲಲ್ಲಿ ಕೊಕ್ಕೆಗಳಿರುತ್ತವೆ, ಉಳಿದೆರಡರ ಗಂಡುಗಳಿಗೆ ಇಲ್ಲ. ಆ ಪ್ರಭೇದದ ಹೆಸರೇ ಆ ಕೊಕ್ಕೆಯಿಂದ ಬಂದದ್ದು.

ಇಂಥ ಹೊರಗುರುತು ಎಲ್ಲಕ್ಕೂ ಇರುವುದಿಲ್ಲ. ಬಣ್ಣವನ್ನಂತೂ ನಂಬಲೇಬೇಡಿ. ಪೊರೆ ಕಳಚುವ ಮುಂಚೆ ಜೇಡ ಮಂಕಾಗುತ್ತದೆ, ಕಳಚಿದ ಮೇಲೆ ಹೊಳೆಯುತ್ತದೆ. ವರ್ಸಿಕಲರ್ ಮರಿ ಅಚ್ಚ ನೀಲಿ, ಬೆಳೆದದ್ದು ಹಸಿರು ಕೆಂಪು. ಒಂದು ಸೆಂಟಿಮೀಟರಿನ ಮರಿಗಳಂತೂ ಒಂದೇ ಕುಲದವು ಎಷ್ಟೋ ಸಲ ಪರಸ್ಪರ ಗುರುತೇ ಸಿಗದಷ್ಟು ಒಂದೇ ಥರ. ಮೇಲಿನಿಂದ ತೆಗೆದ ಒಂದು ಫೋಟೋ ನೋಡಿ ಪ್ರಭೇದ ಹೇಳುವವರ ಮಾತಿಗೆ ಕುಲದ ಮಟ್ಟದವರೆಗೆ ಮಾತ್ರ ಬೆಲೆ ಕೊಡಿ. ಪೀಸಿಲೊಥೀರಿಯಾ ಸ್ವಲ್ಪ ಬೇರೆ, ಅವುಗಳ ಕಾಲಿನ ಅಡಿಭಾಗದ ಪಟ್ಟೆಗಳು ಪ್ರಭೇದದಿಂದ ಪ್ರಭೇದಕ್ಕೆ ವ್ಯತ್ಯಾಸವಾಗುತ್ತವೆ. ಅದು ಗಾಜಿನ ಗೋಡೆ ಹತ್ತಿದಾಗ ಹೊರಗಿನಿಂದ ಅಡಿಭಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ನಿಜವಾದ ಸಾಕ್ಷಿ ಇರುವುದು ಕಳಚಿದ ಪೊರೆಯಲ್ಲಿ. ತಜ್ಞರು ಹೆಣ್ಣನ್ನು ಗುರುತಿಸುವುದು ವೀರ್ಯಕೋಶದ (ಹೆಣ್ಣು ವೀರ್ಯವನ್ನು ಕೂಡಿಟ್ಟುಕೊಳ್ಳುವ ಚೀಲ) ಆಕಾರದಿಂದ, ಗಂಡನ್ನು ಸ್ಪರ್ಶಪಾದದ ತುದಿಯ ಬುರುಡೆಯಂಥ ಉಬ್ಬಿನ ಆಕಾರದಿಂದ. ಬೆಳೆದ ಹೆಣ್ಣು ಪೊರೆ ಕಳಚಿದಾಗ ವೀರ್ಯಕೋಶದ ಒಳಪದರವೂ ಪೊರೆಯೊಂದಿಗೆ ಬರುತ್ತದೆ. ಪೊರೆಯನ್ನು ಚಿಮುಟದಿಂದ ಎತ್ತಿ, ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ. ಮುದುಡಿದ ಹೊಟ್ಟೆಯ ಭಾಗವನ್ನು ಮೆತ್ತನೆಯ ಕುಂಚದಿಂದ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡಿ. ನಾಲ್ಕು ಬಿಳಿ ಮಚ್ಚೆಗಳಂತೆ ಪುಸ್ತಕ ಶ್ವಾಸಕೋಶಗಳು (ಜೇಡದ ಉಸಿರಾಟದ ಅಂಗಗಳು) ಕಾಣುತ್ತವೆ. ಕಾಲುಗಳ ಕಡೆಗಿರುವ ಮೊದಲ ಎರಡರ ನಡುವೆ ನೋಡಿ, ಹತ್ತು ಪಟ್ಟು ಹಿಗ್ಗಿಸುವ ಮಸೂರ ಸಾಕು. ಎಳೆದರೆ ಹರಿಯುತ್ತದೆ, ಒಣಗಿದ್ದನ್ನು ನೆನೆಸದೆ ಬಿಡಿಸಿದರೆ ಪುಡಿಯಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕ ಖಂಡದ ಹೆಚ್ಚಿನ ಜೇಡಗಳ ಪೊರೆಯಲ್ಲೂ ತುರಿಕೆ ರೋಮಗಳಿರುತ್ತವೆ, ಕೈಗವಸು ಹಾಕಿಕೊಳ್ಳಿ, ಕಣ್ಣು ಉಜ್ಜಬೇಡಿ, ಫ್ಯಾನ್ ನಿಲ್ಲಿಸಿ. ನೋಡಿ ಮುಗಿದ ಮೇಲೆ ಎಸೆಯದೆ ಒಣಗಿಸಿ, ಕಳಚಿದ ದಿನಾಂಕದೊಡನೆ ಪುಟ್ಟ ಡಬ್ಬಿಯಲ್ಲಿಡಿ. ಸತ್ತ ಜೇಡವನ್ನು ಇಡುವುದಾದರೆ 70ರಿಂದ 80 ಪ್ರತಿಶತ ಆಲ್ಕೋಹಾಲ್‌ನಲ್ಲಿಡಿ.

ಮಾರಾಟ ಪಟ್ಟಿಗಳಲ್ಲಿ "ಎಸ್‌ಪಿ" ಚುಕ್ಕೆಯ ನಂತರ ಉದ್ಧರಣ ಚಿಹ್ನೆಯಲ್ಲಿ ಒಂದು ಪದ ಕಾಣುತ್ತದೆ. ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ ಅಥವಾ ಇನ್ನೂ ವಿವರಿಸಿಲ್ಲ, ಉದ್ಧರಣದೊಳಗಿನದು ಮಾರಾಟದ ಹೆಸರು ಎಂದು ಅದರರ್ಥ. "ಸಿಎಫ್" ಎಂದಿದ್ದರೆ ಆ ಪ್ರಭೇದವೇ ಇರಬಹುದು, ಹೋಲಿಸಿ ನೋಡಬೇಕು ಎಂದು. "ಎಎಫ್ಎಫ್" ಎಂದಿದ್ದರೆ ಅದಕ್ಕೆ ಹತ್ತಿರದ್ದು, ಆದರೆ ಅದಲ್ಲ ಎಂದು. ಇವನ್ನು ಕಂಡು ಮಾರಾಟಗಾರರಿಗೆ ಗೊತ್ತಿಲ್ಲ ಎಂದು ಮೂಗು ಮುರಿಯಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಚೀಟಿ, ಊಹಿಸಿ ಬರೆದ ಪೂರ್ಣ ಹೆಸರಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಥಾಯ್ಲೆಂಡಿನ ಎಲೆಕ್ಟ್ರಿಕ್ ಬ್ಲೂ ಹೀಗೆಯೇ ಕೈಲೊಬ್ರಾಕಿಸ್ ಎಸ್‌ಪಿ ಆಗಿ ಮಾರಾಟದಲ್ಲಿತ್ತು. 2023ರಲ್ಲಿ ಅದಕ್ಕೆ ಕೈಲೊಬ್ರಾಕಿಸ್ ನಟಾನಿಚಾರಮ್ ಎಂಬ ಹೆಸರು ಬಂತು. ಆ ಮೊದಲು ಯಾರಾದರೂ ಅದಕ್ಕೆ ಬೇರೆ ಪ್ರಭೇದದ ಹೆಸರು ಅಂಟಿಸಿದ್ದರೆ ಆ ಜೇಡಗಳ ದಾಖಲೆ ಈಗ ಕೆಟ್ಟಿರುತ್ತಿತ್ತು.

ವೈಜ್ಞಾನಿಕ ಹೆಸರಿಗೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಎರಡು ಪದಗಳ ಹೆಸರು ಪ್ರಭೇದ ಹೇಳುತ್ತದೆ, ಯಾವ ಊರಿನ ಸಂತತಿ ಎಂದು ಹೇಳುವುದಿಲ್ಲ. ಕರ್ಲಿ ಹೇರ್‌ಗಳು ಹೊಂಡುರಾನ್ ಮತ್ತು ನಿಕರಾಗುವನ್ ಎಂಬ ಎರಡು ಹಣೆಪಟ್ಟಿಗಳಲ್ಲಿ ಬರುತ್ತವೆ, ಎರಡಕ್ಕೂ ಟ್ಲಿಲ್ಟೊಕಾಟ್ಲ್ ಆಲ್ಬೊಪೈಲೋಸಸ್ ಎಂಬ ಒಂದೇ ಹೆಸರು. ಮರಿ ಮಾಡಿಸುವವರು ಇವೆರಡನ್ನು ಬೆರೆಸದೆ ಇಡುತ್ತಾರೆ. ಇಲ್ಲಿ ರೂಢಿಯ ಪದವೇ ಹೆಚ್ಚು ಮಾಹಿತಿ ಹೊತ್ತಿದೆ, ಅದನ್ನು ಅಳಿಸಿ ಬರೀ ಲ್ಯಾಟಿನ್ ಬರೆದರೆ ನಷ್ಟ. ಆದ್ದರಿಂದ ಚೀಟಿಯ ಮೇಲೆ ಎರಡೂ ಇರಲಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಲಿಪಿ ಉಚ್ಚಾರಣೆಯನ್ನು ಹಿಡಿಯುತ್ತದೆ, ಹೆಸರಿನ ಕಾಗುಣಿತವನ್ನಲ್ಲ. ಹಮೋರಿ ಎಂದು ಬರೆದರೆ ಅದರ ಕೊನೆಯಲ್ಲಿ ರೋಮನ್ "ಐ" ಎರಡಿದೆ, ಸ್ಮಿಥಿಯ ಕೊನೆಯಲ್ಲಿ ಒಂದೇ ಇದೆ ಎಂಬುದು ಕಾಣಿಸುವುದಿಲ್ಲ. ಟೆರಿನೊಕೈಲಸ್, ಸಾಲ್ಮೊಪಿಯಸ್ ಎರಡೂ ರೋಮನ್‌ನಲ್ಲಿ ಉಚ್ಚರಿಸದ "ಪಿ"ಯಿಂದ ಶುರುವಾಗುತ್ತವೆ. ಕೇಳಿದಂತೆ "ಟಿ" ಅಥವಾ "ಎಸ್" ಅಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಬ್ರಾಕಿಪೆಲ್ಮಾವನ್ನು ಕೆಲವರು ಬ್ರಾಚಿಪೆಲ್ಮಾ ಎನ್ನುತ್ತಾರೆ. ಗ್ರೀಕ್ ಮೂಲದ ಆ "ಸಿಎಚ್"ಗೆ ಕ ಉಚ್ಚಾರವೇ ಸರಿ, ಆದರೆ ಉಚ್ಚಾರಣೆಯ ಬಗ್ಗೆ ಜಗಳವಾಡುವುದು ವ್ಯರ್ಥ, ಸಂಹಿತೆ ಅದನ್ನು ಕಟ್ಟುಪಾಡಿಗೆ ಒಳಪಡಿಸಿಲ್ಲ. ಬರಹದಲ್ಲಿ ಕನ್ನಡ ಲಿಪಿ ಇರಲಿ. ಡಬ್ಬಿಯ ಚೀಟಿ ಮತ್ತು ದಾಖಲೆಯಲ್ಲಿ ಮಾತ್ರ ರೋಮನ್ ಕಾಗುಣಿತ ಅಕ್ಷರಶಃ ಇರಲೇಬೇಕು: ಕುಲದ ಮೊದಲಕ್ಷರ ದೊಡ್ಡದು, ಪ್ರಭೇದದ್ದು ಯಾವಾಗಲೂ ಚಿಕ್ಕದು, ವ್ಯಕ್ತಿಯ ಹೆಸರಿನಿಂದ ಬಂದಿದ್ದರೂ ಕೂಡ.

ಹೆಸರು ಸರಿಯೇ ಎಂದು ನೋಡುವ ಜಾಗ ಒಂದೇ, ಬರ್ನ್ ನಗರದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ನಡೆಸುವ ವಿಶ್ವ ಜೇಡ ಕ್ಯಾಟಲಾಗ್. ಮಾರಾಟದ ಹೆಸರು ಅಲ್ಲಿ ಸಿಗುವುದಿಲ್ಲ, ಪ್ರಭೇದದ ಪದದಿಂದ ಹುಡುಕಿ. ಸಿಕ್ಕ ಮೇಲೆ ಮೂರು ವಿಷಯ ನೋಡಿ: ಈಗ ಮಾನ್ಯವಾಗಿರುವ ಹೆಸರು, ಅದರ ಕೆಳಗಿನ ಹಳೆಯ ಹೆಸರುಗಳ ಸಾಲು, ಯಾವ ದೇಶದ್ದು ಎಂಬ ವಿವರ. ಮಾರಾಟಗಾರರು ಹೇಳಿದ ದೇಶಕ್ಕೂ ಕ್ಯಾಟಲಾಗಿನ ದೇಶಕ್ಕೂ ಹೊಂದದಿದ್ದರೆ ಚೀಟಿಯನ್ನು ಅನುಮಾನಿಸಲು ಅದೇ ಸಾಕು. ಹಳೆಯ ಹೆಸರುಗಳ ಸಾಲಿನಲ್ಲಿ ನಿಮ್ಮ ಚೀಟಿಯ ಹೆಸರು ಇದ್ದರೆ ಜೇಡ ಅದೇ, ಹೆಸರು ಮಾತ್ರ ಹಳತು. ಉದಾಹರಣೆಗೆ ಗ್ರಾಮೊಸ್ಟೋಲಾ ಆರಿಯೊಸ್ಟ್ರಿಯಾಟಾ ಎಂದು ಕೊಂಡವರು ಗಾಬರಿಯಾಗಬೇಕಿಲ್ಲ, ಅದು ಪುಲ್ಕ್ರಿಪೆಸ್‌ನ ಸಮಾನಾರ್ಥಕ. ಬ್ರಾಕಿಪೆಲ್ಮಾ ಸ್ಮಿಥಿಯಂತೆ ಹೆಸರು ಮಾನ್ಯವಾಗಿಯೇ ಇದ್ದು ಅನ್ವಯ ತಪ್ಪಿರುವ ಸಂದರ್ಭವನ್ನು ಮಾತ್ರ ಈ ಹುಡುಕಾಟ ಬಯಲು ಮಾಡುವುದಿಲ್ಲ, ಅಲ್ಲಿ ಪೊರೆಯೇ ಬೇಕು.

ರೂಢಿಯ ಹೆಸರುಗಳಿಗೂ ಒಂದು ಶಿಸ್ತು ತರುವ ಯತ್ನ ನಡೆದಿದೆ. ಅಮೆರಿಕದ ಜೇಡಶಾಸ್ತ್ರ ಸಂಘದ ಸಮಿತಿಯೊಂದು ಒಂದು ಪ್ರಭೇದಕ್ಕೆ ಒಂದೇ ಇಂಗ್ಲಿಷ್ ಹೆಸರು ಎಂಬ ಪಟ್ಟಿ ಮಾಡಿ, 2003ರಲ್ಲಿ ಅದರ ಐದನೇ ಆವೃತ್ತಿಯನ್ನೂ ತಂದಿತು. ಮಾರಾಟಗಾರರು ಅದನ್ನು ಪಾಲಿಸಬೇಕೆಂಬ ಕಟ್ಟಳೆಯಿಲ್ಲ, ಪಾಲಿಸಲೂ ಇಲ್ಲ. ಬ್ರಾಕಿಪೆಲ್ಮಾ ಎಮಿಲಿಯಾ ರೆಡ್ ಲೆಗ್, ಬೊಹ್ಮಿ ಫೈರ್ ಲೆಗ್, ಔರಾಟಮ್ ಫ್ಲೇಮ್ ನೀ. ಈ ಮೂರು ಹೆಸರುಗಳನ್ನು ಫೋನಿನಲ್ಲಿ ಕೇಳಿ ಸರಿಯಾದ ಜೇಡ ತರಿಸಿಕೊಳ್ಳುವುದು ಪವಾಡವೇ ಸರಿ. ಗೆಳೆಯರ ನಡುವೆ ಕರ್ಲಿ ಹೇರ್, ಜಿಬಿಬಿ (ಗ್ರೀನ್ ಬಾಟಲ್ ಬ್ಲೂ) ಎಂದು ಧಾರಾಳವಾಗಿ ಹೇಳಿ, ಎಲ್ಲರಿಗೂ ಅರ್ಥವಾಗುತ್ತದೆ. ಕೊಳ್ಳುವಾಗ, ಸಲಹೆ ಕೇಳುವಾಗ, ಕಚ್ಚಿಸಿಕೊಂಡು ವೈದ್ಯರ ಬಳಿ ಹೋದಾಗ ಪೂರ್ತಿ ಹೆಸರು ಕೊಡಿ.

ಇನ್ನು ನಿಮ್ಮ ಎರಡು ಡಬ್ಬಿಗಳ ಚೀಟಿ. ರೆಡ್ ನೀಗೆ ಹೀಗೆ ಬರೆಯಿರಿ (ವೈಜ್ಞಾನಿಕ ಪದಗಳು ರೋಮನ್ ಕಾಗುಣಿತದಲ್ಲಿ): "ಬ್ರಾಕಿಪೆಲ್ಮಾ ಸಿಎಫ್ ಹಮೋರಿ, ಸ್ಮಿಥಿ ಎಂದು ಕೊಂಡದ್ದು, ಮೆಕ್ಸಿಕನ್ ರೆಡ್ ನೀ", ಅದರ ಕೆಳಗೆ ಕೊಂಡ ದಿನಾಂಕ, ಯಾರಿಂದ, ಸಾಕಿದ ಸಂತತಿಯೋ ಕಾಡಿನದೋ, ಆಗ ಕಾಲುಗಳ ಹರವಿನ ಅಳತೆ. ಕರ್ಲಿ ಹೇರ್‌ಗೆ ಹೊಸ ಹೆಸರು, ಆವರಣದಲ್ಲಿ ಹಳೆಯದು, ಜೊತೆಗೆ ಹೊಂಡುರಾನ್ ಅಥವಾ ನಿಕರಾಗುವನ್ ಎಂದು ಮಾರಿದ್ದರೆ ಆ ಮಾತು. "ಎಂದು ಕೊಂಡದ್ದು" ಎಂಬ ಪದಗಳನ್ನು ಬಿಡಬೇಡಿ. ಹೊಸ ಹೆಸರು ಬಂದಾಗ ಹಳೆಯದರ ಮೇಲೆ ಅಡ್ಡಗೆರೆ ಎಳೆಯದೆ ಕೆಳಗೆ ದಿನಾಂಕದೊಡನೆ ಸೇರಿಸಿ. ಬ್ರಾಕಿಪೆಲ್ಮಾ ಹೆಣ್ಣು 20 ವರ್ಷಕ್ಕೂ ಮೀರಿ ಬದುಕಬಲ್ಲದು, ಅಷ್ಟರಲ್ಲಿ ಚೀಟಿಗೆ ಇನ್ನೂ ಎರಡು ಸಾಲು ಸೇರಿದರೂ ಆಶ್ಚರ್ಯವಿಲ್ಲ. ನೀರಿಗೆ ಕರಗದ ಶಾಯಿ ಬಳಸಿ, ಚೀಟಿಯನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಅಂಟಿಸಿ. ಸ್ವಚ್ಛ ಮಾಡುವಾಗ ಮುಚ್ಚಳಗಳು ಅದಲುಬದಲಾಗಿ ಎರಡು ಜೇಡಗಳ ಚೀಟಿ ಒಟ್ಟಿಗೆ ತಪ್ಪಿಹೋಗುವುದು ಬಹಳ ಸಾಮಾನ್ಯ.

ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಬೇರೆ ನಿಯಮ. ಬ್ರಾಕಿಪೆಲ್ಮಾ ಕುಲವು ಅಳಿವಿನ ಅಪಾಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಪೀಸಿಲೊಥೀರಿಯಾ 2019ರಲ್ಲಿ ಸೇರಿತು. ಪರವಾನಗಿ ಅಥವಾ ಖರೀದಿ ರಸೀದಿಯಲ್ಲಿ ಹಳೆಯ ಹೆಸರಿದ್ದರೆ ಅದನ್ನು ನಿಮ್ಮ ಕೈಯಿಂದ ತಿದ್ದಬೇಡಿ. ತಿದ್ದಿದ ಕಾಗದ ಯಾವ ಜೇಡದ್ದೂ ಅಲ್ಲದಂತಾಗುತ್ತದೆ. ಮೂಲವನ್ನು ಹಾಗೇ ಇಟ್ಟು, ಬೇರೆ ಹಾಳೆಯಲ್ಲಿ ಯಾವ ಹೆಸರು ಯಾವ ವರ್ಷ ಯಾವುದಕ್ಕೆ ಬದಲಾಯಿತು ಎಂದು ಬರೆದು ಅದರೊಡನೆ ಲಗತ್ತಿಸಿ.